ಗೂಟಶಾಸ್ತ್ರ ಪ್ರವೇಶಿಕೆ

ಎಳೆಯ ಮರದ ಪಕ್ಕ ಕೋಲೊಂದನ್ನು ಹುಗಿದು, ಎರಡನ್ನೂ ಜೋಡಿಸಿ ಕಟ್ಟಿ, ಯಾವುದರ ಆಸರೆಯಲ್ಲಿ ಯಾವುದು ನಿಂತಿದೆಯೆಂದು ಗೊತ್ತಾಗದಂತೆ ಮಾಡುವ ವಿದ್ಯೆಯೇ ಗೂಟಶಾಸ್ತ್ರ. ಚಿತ್ರದುರ್ಗ, ಗದಗ ಸೀಮೆಯ ಹಿತ್ತಲುಗಳು ಇದರ ಪ್ರಶಸ್ತ ಪ್ರಯೋಗಶಾಲೆಗಳು. ಅಲ್ಲಿನ ಗುಡ್ಡಗಳ ಮೇಲೆ ಗಾಳಿಯಂತ್ರಗಳು ಏಕೆ ನಿಂತಿವೆಯೋ, ಅದೇ ಕಾರಣಕ್ಕೆ ಗುಡ್ಡದ ಕೆಳಗಿನ ಮಾವಿನ ಸಸಿಗಳು ನಿಲ್ಲಲಾರವು. ಮುಂಗಾರಿನ ಗಾಳಿ ಪಡುವಣದಿಂದ ನುಗ್ಗುವುದರಿಂದ ಸಸಿಗಳೆಲ್ಲ ಮೂಡಣಕ್ಕೆ ಬಾಗಿ ಸಾಮೂಹಿಕ ಸೂರ್ಯನಮಸ್ಕಾರ ಮಾಡುತ್ತವೆ.

ಕೆ. ಎಂ. ಮುನ್ಷಿಯವರು 1950ರಲ್ಲಿ ಆರಂಭಿಸಿದ ವನಮಹೋತ್ಸವ ಜುಲೈ ಮೊದಲ ವಾರಕ್ಕೆ ಬರುತ್ತದೆ. ಮಳೆಯ ಲೆಕ್ಕದಲ್ಲಿ ಇದು ಸುಮುಹೂರ್ತ, ಗಾಳಿಯ ಲೆಕ್ಕದಲ್ಲಿ ಆಷಾಢದ ಆಸುಪಾಸು. ನೆಟ್ಟ ಸಸಿ ಫೋಟೊ ಮುಗಿಯುವವರೆಗೆ ನೆಟ್ಟಗಿರುತ್ತದೆ ಎಂಬುದು ಶಾಸ್ತ್ರದ ಪ್ರಥಮ ಸೂತ್ರ.

ಪಂಡಿತರಲ್ಲಿ ಬಿಗಿಪಂಥ, ಸಡಿಲಪಂಥ ಎಂಬ ಎರಡು ಪಂಗಡಗಳುಂಟು. ಬಿಗಿಪಂಥದವರಿಗೆ ‘ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೇ’ ಎಂಬ ಗಾದೆಯೇ ವೇದವಾಕ್ಯ. ಬಗ್ಗಿಸುವುದರ ಬಗೆಗಿನ ಮಾತನ್ನು ನೆಟ್ಟಗಾಗಿಸುವುದಕ್ಕೆ ಪ್ರಮಾಣವಾಗಿ ತರುವುದರಲ್ಲಿ ಇವರಿಗೆ ಸಂಕೋಚವಿಲ್ಲ. ಫ್ರಾನ್ಸಿನ ವೈದ್ಯ ನಿಕೋಲಾ ಆಂಡ್ರಿ ಮಕ್ಕಳ ಮೈಡೊಂಕು ತಿದ್ದುವ ಬಗ್ಗೆ 1741ರಲ್ಲಿ ತಂದ ಗ್ರಂಥದಲ್ಲಿ ಕಂಬಕ್ಕೆ ಕಟ್ಟಿದ ಡೊಂಕು ಮರದ ಚಿತ್ರವಿದೆ. ಮೂಳೆವೈದ್ಯರ ಲಾಂಛನವಾಗಿ ಅದು ಇಂದಿಗೂ ಉಳಿದಿದೆ. ಆ ಚಿತ್ರದ ಮರ ಇನ್ನೂ ಡೊಂಕಾಗಿಯೇ ಇದೆ ಎಂದು ಸಡಿಲಪಂಥದವರು ಆಕ್ಷೇಪಿಸುತ್ತಾರೆ.

ಇವರ ಆಚಾರ್ಯ ಇಂಗ್ಲೆಂಡಿನ ಥಾಮಸ್ ಆಂಡ್ರ್ಯೂ ನೈಟ್. 1803ರಲ್ಲಿ ಪ್ರಕಟವಾದ ಅವನ ಪ್ರಯೋಗದಲ್ಲಿ, ಉತ್ತರ–ದಕ್ಷಿಣಕ್ಕೆ ಮಾತ್ರ ತೂಗಾಡಲು ಬಿಟ್ಟ ಸೇಬಿನ ಸಸಿಯ ಕಾಂಡ ಅದೇ ದಿಕ್ಕಿಗೆ ಹೆಚ್ಚು ದಪ್ಪವಾಯಿತು. ಅಂದರೆ ತೂಗಾಟವೇ ಕಾಂಡಕ್ಕೆ ಗರಡಿ. ಅಲುಗದಂತೆ ಬಿಗಿದ ಸಸಿ ಉದ್ದುದ್ದ ಬೆಳೆಯುತ್ತದೆ, ಬುಡ ಮಾತ್ರ ಸಣಕಲು. ಕಟ್ಟು ಬಿಚ್ಚಿದ ದಿನ ತಲೆ ನೆಲ ಮುಟ್ಟುತ್ತದೆ. ಆಗ ಬಿಗಿಪಂಥದವರು, ಗೂಟ ಬೇಕೇ ಬೇಕು ಎಂಬುದಕ್ಕೆ ಇದಕ್ಕಿಂತ ಸಾಕ್ಷಿ ಏನು ಬೇಕು ಎನ್ನುತ್ತಾರೆ.

ವಿಧಿ ಹೀಗಿದೆ. ಗೂಟ ಗಾಳಿ ಬರುವ ಮಗ್ಗುಲಲ್ಲಿರಬೇಕು. ಇಲ್ಲವಾದರೆ ಸಸಿ ಅದಕ್ಕೇ ಉಜ್ಜಿ ತೊಗಟೆ ಕಳೆದುಕೊಳ್ಳುತ್ತದೆ. ಕಟ್ಟು ಸಸಿಯ ಎತ್ತರದ ಮೂರರಲ್ಲೊಂದು ಭಾಗದಷ್ಟು ಕೆಳಗಿದ್ದು, ನಡುವೆ ತಿರುವು ಹಾಕಿದ ಎಂಟರ ಅಂಕಿಯಂತೆ ಸಡಿಲವಾಗಿರಬೇಕು. ಹಳೆಯ ಸೈಕಲ್ ಟ್ಯೂಬು ಉತ್ತಮ, ಸೀರೆಯ ಅಂಚು ಮಧ್ಯಮ, ತೊಗಟೆ ಕೊಯ್ಯುವ ನೈಲಾನ್ ಹಗ್ಗ ಅಧಮ. ಅಂಚು ಯಾವ ಸೀರೆಯದೆಂದು ಮೊದಲೇ ವಿಚಾರಿಸಿಕೊಳ್ಳದವರಿಗೆ ಶಾಸ್ತ್ರದಲ್ಲಿ ರಕ್ಷಣೆಯಿಲ್ಲ.

ನೆಟ್ಟಗಾಗಿಸುವ ಕ್ರಿಯೆಗೆ ಮೂವರು ಬೇಕು: ಸಸಿ ಹಿಡಿಯುವವರು, ಮಣ್ಣು ತುಳಿಯುವವರು, ಜಗಲಿಯಲ್ಲಿ ಕೂತು ‘ಇನ್ನೂ ಸ್ವಲ್ಪ ಎಡಕ್ಕೆ’ ಎನ್ನುವವರು. ಮೂರನೆಯವರ ಕುರ್ಚಿಯ ಒಂದು ಕಾಲು ಗಿಡ್ಡವಿರುವ ಸಾಧ್ಯತೆಯನ್ನು ಪೂರ್ವಸೂರಿಗಳು ಪರಿಶೀಲಿಸಿಲ್ಲ. ಮಳೆ ಬಂದು ಮಣ್ಣು ಮೆತ್ತಗಾದಾಗ, ಬೇರು ಹರಿಯದಷ್ಟು ಮೆಲ್ಲಗೆ ಎತ್ತುವುದು ಸರಿಯಾದ ಕ್ರಮ. ಉಳಿದದ್ದನ್ನು ಮರವೇ ನೋಡಿಕೊಳ್ಳುತ್ತದೆ: ಮಾವು, ಬೇವಿನಂಥ ಅಗಲೆಲೆಯ ಮರಗಳು ವಾಲಿದ ಕಾಂಡದ ಮೇಲುಬದಿಯಲ್ಲಿ ಸೆಳೆತದ ಕಟ್ಟಿಗೆ ಬೆಳೆಸಿ ತಮ್ಮನ್ನು ತಾವೇ ಮೇಲಕ್ಕೆ ಎಳೆದುಕೊಳ್ಳುತ್ತವೆ, ಪೈನ್ ಜಾತಿಯವು ಕೆಳಬದಿಯಿಂದ ದೂಡಿಕೊಳ್ಳುತ್ತವೆ. ಕೀರ್ತಿ ಮಾತ್ರ ಎರಡೂ ಸಂದರ್ಭಗಳಲ್ಲಿ ಜಗಲಿಗೆ ಸಲ್ಲುತ್ತದೆ.

ಹಸಿ ಗ್ಲಿರಿಸೀಡಿಯಾ ಗೂಟದ ಪ್ರಕರಣ ಪ್ರತ್ಯೇಕ. ಅದು ನೆಲಕ್ಕೆ ತಾಗಿದೊಡನೆ ಬೇರುಬಿಟ್ಟು ಚಿಗುರಿ, ಮುಂದಿನ ಮಳೆಗಾಲದ ಹೊತ್ತಿಗೆ ಮಾವನ್ನು ಮೀರಿ ಬೆಳೆದು ನೆರಳು ಹಿಡಿಯುತ್ತದೆ. ಆಮೇಲೆ ಗೂಟವನ್ನು ಸವರಿ ಸಸಿಯನ್ನು ಕಾಪಾಡುವುದೇ ವಾರ್ಷಿಕ ಕಾಯಕ.

ಸಾಮಾನ್ಯವಾಗಿ ಒಂದು ವರ್ಷ ಕಳೆದ ಮೇಲೆ ಗೂಟ ಕೀಳಬೇಕೆಂಬುದು ಎರಡೂ ಪಂಥಗಳು ಒಪ್ಪಿದ ಏಕೈಕ ವಿಧಿ, ಯಾರೂ ಪಾಲಿಸದ ವಿಧಿಯೂ ಇದೇ. ಅಷ್ಟರಲ್ಲಿ ಅದರಿಂದ ಬಚ್ಚಲಮನೆಯ ಗೋಡೆಗೆ ಬಟ್ಟೆ ಒಣಗಿಸುವ ತಂತಿ ಎಳೆದಾಗಿರುತ್ತದೆ. ತಂತಿಗೆ ಬೇರೆ ಕಂಬ ಸಿಗುವವರೆಗೆ ಗೂಟ ಮುಟ್ಟುವಂತಿಲ್ಲ ಎಂಬುದು ಮನೆಯೊಡತಿಯ ತೀರ್ಪು. ಇದರ ಮೇಲೆ ಮೇಲ್ಮನವಿಗೆ ಅವಕಾಶವಿಲ್ಲ.