ಡಬ್ಬಿಗೆ ಎಷ್ಟು ಅಂಕ ಸ್ವಾಮಿ?

ಸಾಂಪ್ರದಾಯಿಕ ಅಡುಗೆ ಸ್ಪರ್ಧೆಗಳ ಸಕಲ ಸಂಘಟಕ ಮಹನೀಯರೇ,

ನಾನು ಸ್ಪರ್ಧಿಯಲ್ಲ, ಸ್ಪರ್ಧಿಯ ಗಂಡ. ಚೀಲ ಹೊರುವುದು, ಗಾಡಿ ನಿಲ್ಲಿಸಲು ಜಾಗ ಹುಡುಕುವುದು, ಫಲಿತಾಂಶ ಬಂದ ಮೇಲೆ ತೀರ್ಪುಗಾರರನ್ನು ಬೈಯುವುದು ನನ್ನ ಖಾತೆ. ಆ ಅನುಭವದ ಬಲದಿಂದಲೇ ಈ ಅಭಿನಂದನಾ ಪತ್ರ.

ನಿಮ್ಮ ನಿಯಮಾವಳಿಗೆ ಮೊದಲು ಕೈ ಮುಗಿಯುತ್ತೇನೆ. ಬ್ಯಾನರಿನಲ್ಲಿ ‘ಅಜ್ಜಿ ಕಾಲದ ಅಡುಗೆ’. ಮೈದಾ ಹಾಕಿದರೆ ಅಂಕ ಕಡಿತ, ಬಣ್ಣ ಹಾಕಿದರೆ ಸ್ಪರ್ಧೆಯಿಂದಲೇ ಔಟ್. ಇಷ್ಟೆಲ್ಲ ಮಡಿಯಲ್ಲಿ ತಯಾರಾದ ಹುರುಳಿ ಕಟ್ಟಿನ ಸಾರು ಕೊನೆಗೆ ಹೋಗಿ ಕೂರುವುದು ನೀವೇ ಹಂಚಿದ ಥರ್ಮಾಕೋಲ್ ಡಬ್ಬಿಯಲ್ಲಿ. ತೀರ್ಪುಗಾರರಿಗೆ ತಲಾ ಒಂದು, ಪ್ರದರ್ಶನದ ಮೇಜಿಗೊಂದು, ಫೋಟೊಗೊಂದು. ತೀರ್ಪುಗಾರರು ಅರ್ಧ ಚಮಚ ಚಪ್ಪರಿಸಿ, ‘ಉಪ್ಪು ಒಂದು ಚೂರು ಮುಂದು’ ಎಂದು ಬರೆದು, ಉಳಿದದ್ದನ್ನು ಡಬ್ಬಿ ಸಮೇತ ಮೇಜಿನ ಕೆಳಗಿನ ಬುಟ್ಟಿಗೆ ಬಿಟ್ಟರೆ ಅಲ್ಲಿಗೆ ಅಜ್ಜಿಯ ಕಾಲ ಮುಗಿಯಿತು.

ಯಾಕೆ ಸ್ವಾಮಿ ಎಂದರೆ, ‘ನಿಷ್ಪಕ್ಷಪಾತ! ಎಲ್ಲರದ್ದೂ ಒಂದೇ ಡಬ್ಬಿ ಆದರೆ ಯಾರ ಅಡುಗೆ ಅಂತ ಗೊತ್ತಾಗಲ್ಲ’ ಎಂದಿರಿ. ಒಪ್ಪಿದೆ. ಅಮೆರಿಕದ ಕಾನ್ಸಾಸ್ ಸಿಟಿ ಶೈಲಿಯ ಬಾರ್ಬೆಕ್ಯೂ ಸ್ಪರ್ಧೆಗಳಲ್ಲೂ ಇದೇ ಪದ್ಧತಿ ಬೆಳೆದು ಬಂದಿದೆ. ಮಾಂಸವನ್ನು ಬಿಳಿ ಫೋಮ್ ಡಬ್ಬಿಯಲ್ಲಿಟ್ಟು ಒಪ್ಪಿಸಬೇಕು, ಗುರುತು ಕಂಡರೆ ಅನರ್ಹ. ಅವರು ಡಬ್ಬಿಯೊಳಗೆ ಲೆಟಿಸ್, ಪಾರ್ಸ್ಲಿ ಸೊಪ್ಪಾದರೂ ಹಾಸುತ್ತಾರೆ. ಎಲೆಯ ಮೇಲೆ ಉಂಡ ನಾಡಿನ ನಾವು ಆ ಸೊಪ್ಪನ್ನು ಅವರಿಗೇ ಬಿಟ್ಟು ಫೋಮನ್ನಷ್ಟೇ ಇಟ್ಟುಕೊಂಡಿದ್ದೇವೆ! ಅಷ್ಟಾಗಿಯೂ ಕಳೆದ ಸಲ ಗೆದ್ದ ಹೋಳಿಗೆ ಯಾರದೆಂದು ಡಬ್ಬಿ ತೆರೆಯುವ ಮೊದಲೇ ಇಡೀ ಹಾಲ್‌ಗೆ ಗೊತ್ತಿತ್ತು. ಇರಲಿ.

ಡಬ್ಬಿಯೂ ಸ್ಪರ್ಧೆಯಲ್ಲಿ ಭಾಗವಹಿಸುತ್ತದೆ ಎಂಬುದು ನಿಮ್ಮ ಗಮನಕ್ಕೆ ಬಂದಂತಿಲ್ಲ. ಥರ್ಮಾಕೋಲ್ ಎಂದರೆ ಪಾಲಿಸ್ಟೈರೀನ್; ಅದು ಮೆತ್ತಗಾಗುವುದು ಸುಮಾರು 100 ಡಿಗ್ರಿ ಸೆಲ್ಸಿಯಸ್‌ಗೆ. ಬಾಣಲೆಯ ಎಣ್ಣೆ ಅದಕ್ಕಿಂತ ಎಷ್ಟೋ ಬಿಸಿ. ‘ಟೈಮ್ ಆಯ್ತು’ ಎಂದು ನಿಮ್ಮ ಸ್ವಯಂಸೇವಕ ಸೀಟಿ ಊದಿದಾಗ ಪಕ್ಕದ ಮೇಜಿನವರು ಚಕ್ಕುಲಿಯನ್ನು ಬಾಣಲೆಯಿಂದ ನೇರ ಡಬ್ಬಿಗೆ ಇಳಿಸಿದರು. ಎತ್ತಿ ನೋಡಿದರೆ ತಳದಲ್ಲಿ ಸುರುಳಿ ಸುರುಳಿಯಾಗಿ ಅಚ್ಚು, ಮುಳ್ಳು ಸಮೇತ. ತೀರ್ಪುಗಾರರು ಅದನ್ನೂ ‘ಅಲಂಕಾರ’ದ ಕಾಲಂನಲ್ಲಿ ಮೆಚ್ಚಿಕೊಂಡರೋ ಏನೋ. ನನ್ನ ಹೆಂಡತಿಯದು ಕಿತ್ತಳೆ ಸಿಪ್ಪೆಯ ಗೊಜ್ಜು. ಆ ಸಿಪ್ಪೆಯಲ್ಲಿರುವ ಲಿಮೊನೀನ್ ಎಂಬ ಎಣ್ಣೆ ಥರ್ಮಾಕೋಲನ್ನು ಕರಗಿಸುತ್ತದೆ. ನಂಬಿಕೆಯಿಲ್ಲದಿದ್ದರೆ ಹಸಿ ಸಿಪ್ಪೆಯನ್ನು ಡಬ್ಬಿಯ ಮೇಲೆ ಹಿಂಡಿ ನೋಡಿ, ಗುಳಿ ಬೀಳುತ್ತದೆ. ಅಡುಗೆಯೇ ತಟ್ಟೆಯನ್ನು ತಿನ್ನುವ ಪವಾಡಕ್ಕೆ ವಿಶೇಷ ಬಹುಮಾನ ಇಡಬಹುದಿತ್ತು.

ಕಾನೂನಿನ ಮಾತು ಬೇಡವೆಂದುಕೊಂಡಿದ್ದೆ. ಕರ್ನಾಟಕದಲ್ಲಿ ಪ್ಲಾಸ್ಟಿಕ್ ತಟ್ಟೆ, ಲೋಟಗಳ ಜೊತೆಗೆ ಥರ್ಮಾಕೋಲಿನವನ್ನೂ ನಿಷೇಧಿಸಿದ್ದು 2016ರ ಮಾರ್ಚ್‌ನಲ್ಲಿ. ಉದ್ಘಾಟನೆಗೆ ಬಂದ ಗಣ್ಯರು ಪರಿಸರದ ಬಗ್ಗೆ ಮಾತಾಡಿ, ಅದೇ ಡಬ್ಬಿಯಲ್ಲಿ ಕೇಸರಿಬಾತ್ ತಿಂದು ಹೋದ ಮೇಲೆ ನಾನ್ಯಾವ ಲೆಕ್ಕ? ಸಂಜೆ ಕಸ ಎತ್ತಲು ಬಂದಾಕೆ ಮಾತ್ರ ಕೇಳಿದಳು: ‘ಇದನ್ನ ಗುಜರಿಯವರೂ ಮುಟ್ಟಲ್ಲ, ಎಲ್ಲಿಗೆ ಹಾಕ್ಲಿ ಸಾರ್?’ ಮುಟ್ಟುವುದಾದರೂ ಹೇಗೆ? ಅದರ ಬಹುಪಾಲು ಗಾಳಿ; ಗಾಡಿ ತುಂಬಿದರೂ ತೂಕ ಬಾರದು, ಮೇಲೆ ಸಾರಿನ ಜಿಡ್ಡು ಬೇರೆ. ನಿಮ್ಮ ಕಾರ್ಯದರ್ಶಿಗಳು ಆ ಹೊತ್ತಿಗೆ ಗ್ರೂಪ್ ಫೋಟೊದಲ್ಲಿದ್ದರು.

ಎಲ್ಲಕ್ಕಿಂತ ನನಗೆ ಹಿಡಿಸಿದ್ದು ಬಹುಮಾನ. ಮೊದಲನೆಯದಕ್ಕೆ ಸ್ಟೀಲ್ ಬಟ್ಟಲಿನ ಸೆಟ್, ಸಮಾಧಾನಕರಕ್ಕೆ ಮುಚ್ಚಳದ ಸ್ಟೀಲ್ ಡಬ್ಬಿ. ಹೀಗೆ ಗೆದ್ದ ಡಬ್ಬಿಗಳೇ ನಮ್ಮ ಅಟ್ಟದ ತುಂಬ ಇವೆ. ಅವನ್ನು ಸ್ಪರ್ಧೆಗೆ ತಂದರೆ ಅನರ್ಹ!

ಮುಂದಿನ ತಿಂಗಳ ಸಿರಿಧಾನ್ಯ ಸ್ಪರ್ಧೆಗೆ ಹೆಂಡತಿಯ ಅರ್ಜಿ ಇದರೊಂದಿಗಿದೆ. ಬಹುಮಾನಕ್ಕೆಂದು ಕೊಂಡಿಟ್ಟ ಬಟ್ಟಲುಗಳನ್ನು ಬೆಳಿಗ್ಗೆಯೇ ಹೊರಗೆ ತೆಗೆಯಿರಿ. ಎಲ್ಲ ಒಂದೇ ಅಳತೆಯವು, ತಳಕ್ಕೆ ನಂಬರ್ ಚೀಟಿ ಅಂಟಿಸಿದರೆ ನಿಷ್ಪಕ್ಷಪಾತಕ್ಕೂ ಧಕ್ಕೆಯಿಲ್ಲ. ಸ್ಪರ್ಧೆ ಮುಗಿದ ಮೇಲೆ ತೊಳೆದು, ಒರೆಸಿ, ಗೆದ್ದವರಿಗೆ ಕೊಡಿ. ತೊಳೆಯಲು ಜನ ಎಲ್ಲಿ ಎನ್ನಬೇಡಿ. ಹಾಲ್‌ನ ಹಿಂದಿನ ಸಾಲಿನಲ್ಲಿ ಮೊಬೈಲ್ ನೋಡುತ್ತ ಕೂತ ಗಂಡಂದಿರು ಸಾಕಷ್ಟಿದ್ದೇವೆ. ಸೋಪಿನ ಖರ್ಚು ಮಾತ್ರ ಸಮಿತಿಯದು.

ಇಂತಿ,
ಕಿತ್ತಳೆ ಸಿಪ್ಪೆ ಗೊಜ್ಜಿನವರ ಯಜಮಾನರು