ಮನೆಯಲ್ಲೇ ಬೇಯಿಸಿದ ಪೈಥಾನ್

ನಮ್ಮ ಮನೆಯಲ್ಲಿ ಸಾರಿನ ಪುಡಿಯನ್ನು ಅಂಗಡಿಯಿಂದ ತರುವ ಪದ್ಧತಿಯಿಲ್ಲ. ಅಮ್ಮ ಮೆಣಸಿನಕಾಯಿ ಹುರಿಯುವ ದಿನ ಇಡೀ ಬೀದಿ ಕೆಮ್ಮುತ್ತದೆ. ಇಂಥ ಮನೆತನದಲ್ಲಿ ಹುಟ್ಟಿದ ನಾನು, ಉಬುಂಟು ಕಂಪ್ಯೂಟರಿನೊಳಗೆ ಪೈಥಾನ್ ಸಿದ್ಧವಾಗಿ ಕೂತಿದ್ದರೂ ಸೋರ್ಸ್ ಕೋಡ್ ತಂದು ಕೈಯಾರೆ ಕಟ್ಟುತ್ತೇನೆಂದು ಹೊರಟಿದ್ದರಲ್ಲಿ ಆಶ್ಚರ್ಯವೇನಿಲ್ಲ. ಗೀಡೊ ವಾನ್ ರೋಸಮ್ ಈ ಭಾಷೆಯನ್ನು ಶುರುಮಾಡಿದ್ದೇ 1989ರ ಕ್ರಿಸ್‌ಮಸ್ ರಜೆಯಲ್ಲಿ ಹೊತ್ತು ಕಳೆಯಲು. ಹೆಸರಿಟ್ಟದ್ದೂ ಹೆಬ್ಬಾವನ್ನು ನೋಡಿಯಲ್ಲ, ಮಾಂಟಿ ಪೈಥಾನ್ ಎಂಬ ಬ್ರಿಟಿಷ್ ಹಾಸ್ಯ ತಂಡದ ಮೇಲಿನ ಪ್ರೀತಿಯಿಂದ. ಆತ ಒಂದು ರಜೆಯಲ್ಲಿ ಹುಟ್ಟಿಸಲು ಕೂತದ್ದನ್ನು ನಾನು ದಸರಾ ರಜೆಯಲ್ಲಿ ಕಂಪೈಲ್ ಮಾಡಲಾರೆನೆ?

ಮೊದಲ ಆಜ್ಞೆ 'ಕಾನ್ಫಿಗರ್'. ಇದು ಮದುವೆಗೆ ಗೊತ್ತುಮಾಡಿದ ಅಡುಗೆ ಭಟ್ಟರ ಹಾಗೆ. ಕೆಲಸಕ್ಕೆ ಕೈಹಾಕುವ ಮುಂಚೆ ಅಡುಗೆಮನೆಯನ್ನೆಲ್ಲ ಜಾಲಾಡುತ್ತದೆ. ಸಿ ಕಂಪೈಲರ್ ಇದೆಯೇ? ಇದೆ. ಅದು ಕೆಲಸ ಮಾಡುತ್ತದೆಯೇ? ಮಾಡುತ್ತದೆ. ಹೀಗೆ ನೂರಾರು ಸಾಲು. ಕೆಲವಕ್ಕೆ 'ಇಲ್ಲ' ಎಂದು ಬಂದರೂ ಭಟ್ಟರು ಮುಖ ಸಿಂಡರಿಸದೆ ಮುಂದೆ ಹೋದರು. ಅಲ್ಲೇ ನನಗೆ ಅನುಮಾನ ಬರಬೇಕಿತ್ತು.

ಆಮೇಲೆ 'ಮೇಕ್'. ಫ್ಯಾನ್ ಗೊರಗೊರ ಎನ್ನತೊಡಗಿತು.

"ಏನೋ ಅದು, ಉಬ್ಬಸ ಬಂದೋರ ಹಾಗೆ?" ಎಂದರು ಅಮ್ಮ.

"ಪೈಥಾನ್ ಬೇಯ್ತಿದೆ ಅಮ್ಮಾ."

"ಮಡಿಯಲ್ಲಿರೋ ಹೊತ್ತಲ್ಲಿ ಏನೇನೋ ಹೇಳಬೇಡ."

ಬೆಂದದ್ದೇನೋ ಹೌದು. ಕೊನೆಯಲ್ಲಿ ಮಾತ್ರ ಒಂದು ಚೀಟಿ: ಇಂತಿಂಥ ಮಾಡ್ಯೂಲುಗಳಿಗೆ ಬೇಕಾದ ಸಾಮಾನು ಸಿಗಲಿಲ್ಲ. ಎಸ್‌ಎಸ್‌ಎಲ್ ಇಲ್ಲದ್ದರಿಂದ ಇಂಟರ್ನೆಟ್ಟಿನಿಂದ ಒಂದು ಪ್ಯಾಕೇಜನ್ನೂ ಇಳಿಸಿಕೊಳ್ಳುವಂತಿಲ್ಲ. ರೀಡ್‌ಲೈನ್ ಇಲ್ಲದ್ದರಿಂದ ಮೇಲಿನ ಬಾಣದ ಕೀಲಿ ಒತ್ತಿದರೆ ಹಿಂದಿನ ಸಾಲು ಬರುವ ಬದಲು ವಿಚಿತ್ರ ಚಿಹ್ನೆಗಳ ಸಾಲು. ಉಪ್ಪು, ಹುಳಿ ಎರಡೂ ಹಾಕದ ಸಾರು! ತಮಾಷೆಯೆಂದರೆ ಆ ಲೈಬ್ರರಿಗಳು ನನ್ನ ಕಂಪ್ಯೂಟರಿನಲ್ಲೇ ಇದ್ದವು. ಅವುಗಳನ್ನು ಕಂಪೈಲರಿಗೆ ಪರಿಚಯಿಸುವ ಹೆಡರ್ ಕಡತಗಳು ಮಾತ್ರ 'ಡೆವ್' ಎಂಬ ಬಾಲವಿರುವ ಬೇರೆ ಪೊಟ್ಟಣದಲ್ಲಿ ಬರುತ್ತವಂತೆ. ಬೀರು ನಮ್ಮ ಮನೆಯಲ್ಲಿ, ಬೀಗದ ಕೈ ನೆಂಟರ ಮನೆಯಲ್ಲಿ.

ಪೊಟ್ಟಣಗಳನ್ನೆಲ್ಲ ತಂದು ಮತ್ತೆ ಕೂತೆ. ಈ ಸಲ ದುರಾಸೆ. ವೇಗ ಹೆಚ್ಚಲೆಂದು 'ಆಪ್ಟಿಮೈಸೇಶನ್ಸ್' ಸೇರಿಸಿದೆ. ಆಗ ಅದು ಪೈಥಾನನ್ನು ಒಮ್ಮೆ ಕಟ್ಟಿ, ಪರೀಕ್ಷೆಗಳನ್ನು ಓಡಿಸಿ, ಯಾವ ಭಾಗ ಹೆಚ್ಚು ಸವೆಯುತ್ತದೆಂದು ಗುರುತು ಹಾಕಿಕೊಂಡು, ಮತ್ತೆ ಮೊದಲಿನಿಂದ ಕಟ್ಟುತ್ತದೆ. ಮೊದಲ ದೋಸೆ ಕಾವಲಿಗೆ, ಎರಡನೆಯದು ನಮಗೆ. ನನ್ನ ಹಳೇ ಕಾವಲಿಯ ಮೇಲೆ ಈ ಎರಡು ದೋಸೆ ಏಳುವಷ್ಟರಲ್ಲಿ ಊಟ ಮುಗಿದು, ನಿದ್ದೆ ಮುಗಿದು, ಸಂಜೆಯ ಕಾಫಿಯೂ ಮುಗಿಯಿತು.

ಕಡೆಗೆ 'ಮೇಕ್ ಇನ್‌ಸ್ಟಾಲ್' ಎಂದು ಹೊಡೆಯುವವನು ತಡೆದು 'ಆಲ್ಟ್‌ಇನ್‌ಸ್ಟಾಲ್' ಎಂದು ಹೊಡೆದೆ. ಮೊದಲನೆಯದರಲ್ಲಿ 'ಪೈಥಾನ್ 3' ಎಂಬ ಹೆಸರಿಗೇ ಹೊಸಬ ಓಗೊಡಲು ಶುರುಮಾಡುತ್ತಾನೆ. ಎರಡನೆಯದು ಹಳೆಯ ಯಜಮಾನರನ್ನು ಜಗಲಿಯಿಂದ ಎಬ್ಬಿಸದೆ ಹೊಸಬನಿಗೆ ಪಕ್ಕದಲ್ಲಿ ಚಾಪೆ ಹಾಸುವ ಉಪಾಯ. ಉಬುಂಟುವಿನ ಎಷ್ಟೋ ಮನೆಗೆಲಸ ಆ ಯಜಮಾನರನ್ನೇ ನಂಬಿದೆ.

"ಈಗ ಇದು ಏನ್ ಮಾಡುತ್ತೆ?" ಅಮ್ಮ ಬಂದು ನಿಂತರು. ಕೈಯಲ್ಲಿ ಹಾಲಿನ ಲೆಕ್ಕದ ಕ್ಯಾಲೆಂಡರ್. ಅದರಲ್ಲಿ ಅವರು ಬರೆಯುವುದು ಕನ್ನಡ ಅಂಕಿಗಳನ್ನೇ. ನಾನು ಉತ್ಸಾಹದಿಂದ ೨+೨ ಎಂದು ಹೊಡೆದೆ. 'ಸಿಂಟ್ಯಾಕ್ಸ್ ಎರರ್' ಎಂದಿತು.

"ಇಡೀ ದಿನ ಬೇಯಿಸಿದ್ದು ಇದಕ್ಕಾ?"

ಮಾನ ಉಳಿಸಿದ್ದು 'ಇಂಟ್'. ಉದ್ಧರಣ ಚಿಹ್ನೆಯೊಳಗೆ ಕನ್ನಡ ಅಂಕಿ ಇಟ್ಟು ಅದರ ಕೈಗೆ ಕೊಟ್ಟರೆ ಪೈಥಾನ್ ಸಲೀಸಾಗಿ ಓದುತ್ತದೆ. 'ಹಾಲು' ಎಂದು ಕನ್ನಡದಲ್ಲೇ ಹೆಸರಿಟ್ಟರೂ ಬೇಡವೆನ್ನುವುದಿಲ್ಲ. ತಿಂಗಳ ಲೆಕ್ಕ ಕೂಡಿಸಿದೆ. ಅಮ್ಮನ ಬಾಯಿಲೆಕ್ಕಕ್ಕೆ ಸರಿಹೋಯಿತು.

ರಾತ್ರಿ ಎಲ್ಲರೂ ಮಲಗಿದ ಮೇಲೆ ಅದೇ ಲೆಕ್ಕವನ್ನು ಜಗಲಿಯ ಹಳೆಯ ಪೈಥಾನಿಗೂ ಕೊಟ್ಟು ನೋಡಿದೆ. ಅದೇ ಉತ್ತರ ಬಂತು. ಅಮ್ಮನಿಗೆ ಇದನ್ನು ಹೇಳಿಲ್ಲ; ನೀವೂ ಹೇಳಬೇಡಿ.