ವಿಪತ್ತುಗಳೇ, ದಯವಿಟ್ಟು ಟವರ್ ಇದ್ದಲ್ಲಿ ಬನ್ನಿ

ಮಾನ್ಯ ಡೋಣಿ ನದಿಯವರ ಸನ್ನಿಧಿಗೆ ಸವಿನಯ ವಿನಂತಿ. ಜತ್ತದ ಕಡೆಯಿಂದ ತಾವು ಉಕ್ಕಿ ಬರುವ ಉದ್ದೇಶವಿದ್ದಲ್ಲಿ, ಸಾರವಾಡದ ಹೊಲಗಳಿಗೆ ಇಳಿಯುವ ಮುನ್ನ ಅಲ್ಲಿ ಮೊಬೈಲಿಗೆ ಎಷ್ಟು ಕಡ್ಡಿ ಬರುತ್ತವೆ ಎಂಬುದನ್ನು ಖಚಿತಪಡಿಸಿಕೊಳ್ಳತಕ್ಕದ್ದು. ಮೂರು ಕಡ್ಡಿಗಿಂತ ಕಡಿಮೆ ಇರುವಲ್ಲಿ ಪ್ರವಾಹಕ್ಕೆ ಅನುಮತಿ ಇರುವುದಿಲ್ಲ. ಭೂಕಂಪದವರು ಸಹ ಇದನ್ನೇ ನೋಟಿಸ್ ಎಂದು ತಿಳಿಯತಕ್ಕದ್ದು. 2022ರ ಜುಲೈ 9ರ ಮುಂಜಾನೆ ತಾವು 4.4ರ ತೀವ್ರತೆಯಲ್ಲಿ ವಿಜಯಪುರವನ್ನು ಎಬ್ಬಿಸಿ, ಟವರ್ ಕೆಡವದೆ ಹೋದ ಸೌಜನ್ಯವನ್ನು ಈ ಮೂಲಕ ಸ್ಮರಿಸಲಾಗಿದೆ.

ಇಂಥ ಪತ್ರವನ್ನು ಯಾವ ಕಚೇರಿಯೂ ಇನ್ನೂ ಹೊರಡಿಸಿಲ್ಲ. ಆದರೆ ನಮ್ಮ ತುರ್ತು ಸೇವೆ ಯಾವುದರ ಮೇಲೆ ನಿಂತಿದೆ ಎಂದು ನೋಡಿದರೆ, ಹೊರಡಿಸುವುದೊಂದೇ ಬಾಕಿ. ಅದು ನಿಂತಿರುವುದು ಒಂದು ವಾಟ್ಸಾಪ್ ಗ್ರೂಪಿನ ಮೇಲೆ. ಗ್ರೂಪಿನ ಹೆಸರು ‘ವಿಪತ್ತು ನಿರ್ವಹಣೆ’. ಅದರಲ್ಲಿ ವರ್ಷವಿಡೀ ನಡೆಯುವುದು ಶುಭೋದಯ, ಹುಟ್ಟುಹಬ್ಬದ ಹಾರೈಕೆ ಮತ್ತು ಹೆಬ್ಬೆರಳು. ಹಳ್ಳ ಬಂದ ರಾತ್ರಿ ಕೆಳಗಿನ ನೌಕರ ಹೇಗೋ ಬೈಕ್ ಹತ್ತಿ ಸಾಹೇಬರ ಮನೆಗೇ ಬರುತ್ತಾನೆ ಅಂದುಕೊಳ್ಳಿ.

“ಸಾಹೇಬ್ರ, ಊರಾಗ ನೆಟ್‌ವರ್ಕ್ ಪೂರಾ ಹೋಗೇತ್ರಿ.”

“ಹೌದೇನು? ಲಗೂನ ಗ್ರೂಪಿನ್ಯಾಗ ಹಾಕು ಅದನ್ನ.”

ಮೊಬೈಲ್ ಟವರ್ ಎಂಬುದು ಕರೆಂಟಿನ ಕೂಸು. ಕರೆಂಟ್ ಹೋದರೆ ಬ್ಯಾಟರಿ ಕೆಲವು ತಾಸು ಎಳೆಯುತ್ತದೆ. ಆಮೇಲೆ ಜನರೇಟರ್ ಬೇಕು, ಜನರೇಟರಿಗೆ ಡೀಸೆಲ್ ಬೇಕು, ಡೀಸೆಲ್ ಬರಬೇಕಾದ ರಸ್ತೆಯ ಮೇಲೆ ಡೋಣಿ ಮಲಗಿದ್ದಾಳೆ. ಟವರ್ ಬದುಕಿ ಉಳಿದರೂ ಕಷ್ಟ ತಪ್ಪದು. ಅನಾಹುತ ನೋಡಲು ಸೇರಿದ ಊರಿಗೆ ಊರೇ ಲೈವ್ ಮಾಡತೊಡಗಿದರೆ, ಆಂಬುಲೆನ್ಸಿನವನ ಕರೆಗೆ ಜಾಗ ಎಲ್ಲಿ ಉಳಿದೀತು? ಕನಮಡಿಯಂಥ ಗಡಿಯ ಊರುಗಳಲ್ಲಿ ಫೋನು ಮಹಾರಾಷ್ಟ್ರದ ಟವರ್ ಹಿಡಿದುಬಿಟ್ಟರಂತೂ ಮುಗಿಯಿತು. ಪ್ರಾಣ ಉಳಿಸುವ ಮುನ್ನ ಗಡಿ ವಿವಾದ ಬಗೆಹರಿಯಬೇಕು.

2023ರ ಅಕ್ಟೋಬರ್ 12 ನೆನಪಿದೆಯೇ? ಕರ್ನಾಟಕದ ಫೋನುಗಳೆಲ್ಲ ಒಮ್ಮೆಲೇ ಕಿರುಚಿಕೊಂಡವು. ತುರ್ತು ಎಚ್ಚರಿಕೆಯ ಪರೀಕ್ಷೆ ಅದು. ಒಳ್ಳೆಯ ತಂತ್ರಜ್ಞಾನವೇ, ಬೇಡವೆನ್ನುವುದಿಲ್ಲ. ಆದರೆ ಅದರ ಮಾತು ಮೇಲಿನಿಂದ ಕೆಳಗೆ ಮಾತ್ರ ಬರುತ್ತದೆ, ಕೆಳಗಿನವನು ತಿರುಗಿ ಮಾತಾಡುವ ಹಾಗಿಲ್ಲ. ಸರ್ಕಾರಗಳಿಗೆ ಅದು ಅಷ್ಟು ಹಿಡಿಸಿದ್ದರಲ್ಲಿ ಆಶ್ಚರ್ಯವೇನಿದೆ! ಅದಕ್ಕೂ ಟವರ್ ಬೇಕೆಂಬುದು ಬೇರೆ ಮಾತು.

ಕೆಳಗಿನವನ ಮಾತು ಏಕೆ ಬೇಕೆಂದು ಕೇಳುವವರು ಇಂಡಿ ತಾಲೂಕಿನ ಲಚ್ಯಾಣವನ್ನು ನೆನೆಯಬೇಕು. 2024ರ ಏಪ್ರಿಲ್‌ನಲ್ಲಿ ಅಲ್ಲಿ ತೆರೆದ ಕೊಳವೆಬಾವಿಗೆ ಪುಟ್ಟ ಮಗುವೊಂದು ಬಿತ್ತು. ಪಕ್ಕದಲ್ಲಿ ಗುಂಡಿ ತೋಡಿ, ಅಡ್ಡ ಕೊರೆದು, ಸುಮಾರು 20 ತಾಸಿನ ಮೇಲೆ ಮಗುವನ್ನು ಜೀವಂತ ಎತ್ತಿದರು. ಜಿಲ್ಲೆ ಹೆಮ್ಮೆಪಡಬೇಕಾದ ಕೆಲಸ. ಅಂಥ ಗುಂಡಿಯೊಳಗೆ ಇಳಿದವನು ‘ನಿಲ್ಲಿಸ್ರಿ’ ಅಂದರೆ ಮೇಲಿನ ಯಂತ್ರ ಆ ಕ್ಷಣವೇ ನಿಲ್ಲಬೇಕು. ಅಲ್ಲಿ ಡಯಲ್ ಮಾಡಿ, ರಿಂಗ್ ಆಗಿ, ‘ನೀವು ಕರೆ ಮಾಡಿದ ಚಂದಾದಾರರು’ ಎಂದು ರೆಕಾರ್ಡಿನ ಹೆಣ್ಣುದನಿ ಶುರುಮಾಡಿದರೆ ಮಣ್ಣು ಕಾಯುವುದಿಲ್ಲ. 2023ರ ಡಿಸೆಂಬರ್‌ನಲ್ಲಿ ವಿಜಯಪುರದ ಅಲಿಯಾಬಾದ್ ಕೈಗಾರಿಕಾ ಪ್ರದೇಶದ ಗೋದಾಮಿನಲ್ಲಿ ಗೋವಿನಜೋಳದ ಚೀಲಗಳು ಕುಸಿದು ಬಿಹಾರದ 7 ಕಾರ್ಮಿಕರು ಸತ್ತರು. ಕ್ರೇನಿನವನು, ಚೀಲದ ರಾಶಿ ಹತ್ತಿದವನು, ಹೊರಗೆ ನಿಂತ ವೈದ್ಯ, ಈ ಮೂವರೂ ಒಂದೇ ಮಾತು ಒಂದೇ ಹೊತ್ತಿಗೆ ಕೇಳಿಸಿಕೊಳ್ಳಬೇಕಾದ ಜಾಗ ಅಂಥದ್ದು. ಬಟನ್ ಒತ್ತಿದೊಡನೆ ಎಲ್ಲರ ಕಿವಿಗೂ ಬೀಳುವ ಹಳೆಯ ವೈರ್‌ಲೆಸ್ ಸೆಟ್ಟಿಗೆ ಇದರಲ್ಲಿ ಇವತ್ತಿಗೂ ಸರಿಸಾಟಿಯಿಲ್ಲ.

ಆ ಸೆಟ್ಟಿಗೆ ಟವರ್ ಬೇಕೇ ಬೇಕೆಂದಿಲ್ಲ. ಮಾತನ್ನು ಹಿಡಿದು ಮುಂದಕ್ಕೆ ದಾಟಿಸುವ ರಿಪೀಟರ್ ಸತ್ತರೆ ಸೆಟ್ಟಿನಿಂದ ಸೆಟ್ಟಿಗೆ ನೇರ ಮಾತಾಡಬಹುದು. ಆದರೆ ಇಬ್ಬರೂ ನೆಲದ ಮೇಲೆ ನಿಂತರೆ ಐದು ವ್ಯಾಟಿನ ಕೈಸೆಟ್ಟು ಕೆಲವೇ ಕಿಲೋಮೀಟರಿಗೆ ಸುಸ್ತಾಗುತ್ತದೆ, ಏಕೆಂದರೆ ಭೂಮಿ ದುಂಡಗಿದೆ. ಒಬ್ಬನು ಮೇಲೇರಿದರೆ ಲೆಕ್ಕವೇ ಬೇರೆ. 1584ರಲ್ಲಿ ಹೈದರ್ ಖಾನ್ ಕಟ್ಟಿಸಿದ ನಮ್ಮ ವಿಜಯಪುರದ ಉಪ್ಪಲಿ ಬುರುಜಿನ ಎತ್ತರ ಸುಮಾರು 24 ಮೀಟರ್. ಅದರ ತುದಿಯಲ್ಲಿ ಆಂಟೆನಾ ಇಟ್ಟರೆ ಬಯಲಿನಲ್ಲಿ ನಿಂತವನ ಕೈಸೆಟ್ಟಿನವರೆಗೆ ನೇರ ನೋಟ ಲೆಕ್ಕದ ಪ್ರಕಾರ ಸುಮಾರು 25 ಕಿ.ಮೀ. ತಿಕೋಟಾ ಸಿಕ್ಕೇ ಸಿಗುತ್ತದೆ, ಬಬಲೇಶ್ವರದ ಅಂಚಿಗೂ ಕೈ ತಾಗೀತು. ಆದಿಲಶಾಹಿಗಳು ಶತ್ರುವನ್ನು ದೂರದಿಂದಲೇ ಕಾಣಲು ಎತ್ತರ ಬೇಕೆಂದು ಅರಿತಿದ್ದರು. ನಾವು ಅದರ ಮೇಲೆ ಹತ್ತಿ ಸೆಲ್ಫಿ ತೆಗೆದುಕೊಂಡು ಇಳಿದೆವು. ಪುರಾತತ್ವ ಇಲಾಖೆ ಒಪ್ಪದು ಎನ್ನುತ್ತೀರಾ? ಬೇಡ. ಊರೂರಿಗೆ ನೀರಿನ ಟಾಕಿಗಳಿವೆ. ಜೀಪಿನ ಮೇಲೆ ಏರಿಸಿ ಇಳಿಸುವ ಕಂಬ, ಕಾರಿನ ಬ್ಯಾಟರಿಯಲ್ಲಿ ನಡೆಯುವ ಸಾಗಿಸಬಹುದಾದ ರಿಪೀಟರ್, ಇವೇನು ಚಂದ್ರಯಾನದ ಸಾಮಾನುಗಳಲ್ಲ.

ಸೆಟ್ಟು ಕೊಂಡ ಮಾತ್ರಕ್ಕೆ ಗೆದ್ದೆವೆಂದೂ ಅಲ್ಲ. ಪೊಲೀಸರ ಚಾನೆಲ್ ಪೊಲೀಸರದು, ಅಗ್ನಿಶಾಮಕದವರದು ಅವರದೇ, ಕಂದಾಯದವರಿಗೆ ಗ್ರೂಪ್ ಅಡ್ಮಿನ್ ಪದವಿ ಸಾಕು. ಒಂದೇ ನೀರಿನಲ್ಲಿ ಸೊಂಟಮಟ್ಟ ನಿಂತ ಇಬ್ಬರು, ಕೈಯಲ್ಲಿ ಸೆಟ್ಟು ಹಿಡಿದೇ, ಒಬ್ಬರಿಗೊಬ್ಬರು ಕೂಗಿ ಕರೆಯಬೇಕು. ಇದು ನಮ್ಮೊಬ್ಬರ ರೋಗವಲ್ಲ. 2001ರ ಸೆಪ್ಟೆಂಬರ್ 11ರಂದು ನ್ಯೂಯಾರ್ಕಿನಲ್ಲಿ ಪೊಲೀಸರ ರೇಡಿಯೋ ಬೇರೆ, ಅಗ್ನಿಶಾಮಕದವರದು ಬೇರೆ ಇತ್ತು. ಇಳಿದು ಬನ್ನಿ ಎಂಬ ಆದೇಶ ವಿಶ್ವ ವಾಣಿಜ್ಯ ಕೇಂದ್ರದ ಉತ್ತರ ಗೋಪುರದೊಳಗಿದ್ದ ಅನೇಕರಿಗೆ ಕೇಳಿಸಲೇ ಇಲ್ಲ. ಆ ದಿನ ಸತ್ತ ಅಗ್ನಿಶಾಮಕ ಸಿಬ್ಬಂದಿ 343. ಅಷ್ಟು ಶ್ರೀಮಂತ ನಗರ ಅಂಥ ಬೆಲೆ ತೆತ್ತು ಕಲಿತ ಪಾಠವನ್ನು ನಾವು ಪುಕ್ಕಟೆ ಓದಬಹುದಿತ್ತು. ಪುಕ್ಕಟೆಯದಕ್ಕೆ ಟೆಂಡರ್ ಇಲ್ಲ, ಅದೇ ತೊಡಕು.

ಟೆಂಡರ್ ಇದ್ದದ್ದು ಬಂದೇ ಬರುತ್ತದೆ. ಸೆಟ್ಟುಗಳು ಬರುತ್ತವೆ, ಪೂಜೆಯಾಗುತ್ತದೆ, ಕಪಾಟು ಸೇರುತ್ತವೆ. ಕಪಾಟಿನ ಕೀಲಿ ಗುಮಾಸ್ತರ ಬಳಿ, ಗುಮಾಸ್ತರು ರಜೆಯ ಮೇಲೆ. ಬ್ಯಾಟರಿ ಚಾರ್ಜ್ ಮಾಡುವುದು ಯಾರ ಜವಾಬ್ದಾರಿ ಎಂಬ ಕಡತ ಇನ್ನೂ ಓಡಾಡುತ್ತಿರುತ್ತದೆ. 2001ರ ಜನವರಿಯಲ್ಲಿ ಭೂಕಂಪಕ್ಕೆ ಭುಜ್ ನೆಲಕ್ಕೊರಗಿದಾಗ ಹೊರಜಗತ್ತಿಗೆ ಸುದ್ದಿ ಮುಟ್ಟಿಸಲು ನೆರವಾದವರಲ್ಲಿ ಹವ್ಯಾಸಿ ರೇಡಿಯೋದವರೂ ಇದ್ದರು. ಅವರ ಸೆಟ್ಟುಗಳು ದುಬಾರಿಯಾಗಿದ್ದವೆಂದಲ್ಲ, ಅವರು ದಿನವೂ ಮಾತಾಡುತ್ತಿದ್ದರು.

ಇಷ್ಟೆಲ್ಲ ಆಗದ ಮಾತೆಂದರೆ ಕೊನೆಗೊಂದು ಉಪಾಯವಿದೆ. ಅನಾಹುತಗಳನ್ನೆಲ್ಲ ಗೋಳಗುಮ್ಮಟದ ಪಿಸುಗುಟ್ಟುವ ಗ್ಯಾಲರಿಗೆ ವರ್ಗಾಯಿಸಬಹುದು. ಅಲ್ಲಿ ಈ ಗೋಡೆಗೆ ಪಿಸುಗುಟ್ಟಿದ್ದು ಆ ಗೋಡೆಗೆ ಕೇಳಿಸುತ್ತದೆ. ಪರವಾನಗಿ, ರೀಚಾರ್ಜ್ ಎರಡೂ ಬೇಡ.

ತಿಕೋಟಾ, ಬಬಲೇಶ್ವರದ ಹಿರಿಯರೇ, ನಿಮ್ಮಲ್ಲಿ ಕೇಳಿಕೊಳ್ಳುವುದಿಷ್ಟೆ. ನಿಮ್ಮೂರಿಗೆ ಅಣಕು ಕಾರ್ಯಾಚರಣೆ ಬಂದಾಗ ಸಾಹೇಬರ ಫೋನುಗಳನ್ನೆಲ್ಲ ಒಂದು ಬುಟ್ಟಿಯಲ್ಲಿ ಹಾಕಿಸಿ, ರಿಪೀಟರ್ ಬಂದ್ ಮಾಡಿಸಿ, ‘ಈಗ ಪೊಲೀಸರು ಅಗ್ನಿಶಾಮಕದವರ ಜೋಡಿ ಮಾತಾಡಿ ತೋರಸ್ರಿ’ ಅನ್ನಿ. ಮಾತಾಡಿದರೆ ಚಹಾ ಕೊಡಿ. ಆಗಲಿಲ್ಲವೋ, ಫೋಟೊ ತೆಗೆಯಲು ಬಿಡಬೇಡಿ.